ಪೊಟರೆಯಲ್ಲಿ ಕಾವು ಕೂತ ಬಾತು

ಬಿ.ಎಸ್ಸಿ. ಮುಗಿಸಿ, ಕೆಲಸ ಸಿಗದೆ, ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಲ್ಲಿ ಒಂದು ಮಳೆಗಾಲ ಕಳೆದೆ. ಆಗಿನ ದಿನಚರಿಯಲ್ಲಿ ಹೀಗೊಂದು ಸಾಲಿದೆ: 'ಸಿಳ್ಳೆಬಾತು ಮರದ ಪೊಟರೆಯಲ್ಲಿ ಮೊಟ್ಟೆಯಿಡುವುದನ್ನು ಗಮನಿಸಿದೆ.' ಎಷ್ಟು ಗಂಭೀರವಾದ ಸಾಲು! ನಡೆದದ್ದು ಹಾಗಲ್ಲ.

ಕೊಟ್ಟಿಗೆಯ ತೊಲೆ ಗೆದ್ದಲು ತಿಂದು ಬಾಗಿತ್ತು. ಮಳೆ ಹಿಡಿಯುವ ಮುಂಚೆ ಬೇರೆ ತೊಲೆ ಏರಿಸದಿದ್ದರೆ ಮನೆ ನಡೆಸುತ್ತಿದ್ದ ಸೋದರತ್ತೆಯ ತುಂಬುಗಬ್ಬದ ಹಸುವಿಗೆ ನೆಲೆಯಿರಲಿಲ್ಲ. ಕೆರೆಯಂಚಿನ ಮರದ ದಪ್ಪ ಕೊಂಬೆಯೊಂದನ್ನು ಕಡಿಸುವುದೆಂದಾಯಿತು. ಮರ ಕಡಿಯುವವನು ಬಂದು, ತನ್ನ ಪದ್ಧತಿಯಂತೆ ಕೊಡಲಿಯ ಹಿಂಬದಿಯಿಂದ ಬುಡಕ್ಕೆ ಮೂರು ಸಲ ತಟ್ಟಿ, "ಇರೋರು ಎದ್ದೇಳ್ರಪ್ಪಾ" ಎಂದ. ಕೊಂಬೆಯ ಬುಡದಲ್ಲಿದ್ದ ಪೊಟರೆಯ ಕಡೆ ಕಿವಿಗೊಟ್ಟು, ಕೊಡಲಿ ಕೆಳಗಿಟ್ಟ.

"ಬಾತು ಕಾವ್‌ಗೆ ಕೂತೈತೆ. ಏಳಾಕಿಲ್ಲ. ಮರಿ ಇಳೀಲಿ, ಬತ್ತೀನಿ."

ನಾನು ನಕ್ಕೆ. ಬಾತು ಜೊಂಡಿನಲ್ಲಿ ಗೂಡು ಕಟ್ಟುತ್ತದೆ, ಒಳಗಿರುವುದು ಗೂಬೆ ಎಂದು ವಿವರಿಸಿದೆ. ಕಾಲೇಜಿನಲ್ಲಿ ನಾನು ಕೊಯ್ದು ನೋಡಿದ್ದು ಕಪ್ಪೆ ಮತ್ತು ಜಿರಲೆ ಮಾತ್ರ.

"ಅಂಗಾದ್ರೆ ಕೈ ಆಕಿ ನೋಡಿ ಸಾಮಿ" ಎಂದ ಅವನು.

ಹತ್ತಿದೆ, ಕೈ ಹಾಕಿದೆ. ಕಂದು ಹಕ್ಕಿಯೊಂದು ಬೆರಳು ಕಚ್ಚಿ, ಮುಖಕ್ಕೆ ರೆಕ್ಕೆ ಬಡಿದು, ಸಿಳ್ಳೆ ಹಾಕುತ್ತಾ ಕೆರೆಯತ್ತ ಹಾರಿತು.

"ಗೂಬೆ ಸೀಟಿ ಒಡೀತದೇನ್ಲಾ?" ಕೆಳಗಿನಿಂದ ಅತ್ತೆ ಕೇಳಿದಳು. "ಮರಿ ಇಳಿಯೋಗಂಟ ಅಸು ನಿನ್ ರೂಮ್ನಾಗೆ. ನೀನು ಜಗಲಿ ಮ್ಯಾಲೆ ಮಲಕ್ಕೊ."

ಪುಣ್ಯಕ್ಕೆ ಸಂಜೆ ಹಕ್ಕಿ ಮರಳಿತು. ಗಂಡು ಹೆಣ್ಣು ಸರದಿಯಲ್ಲಿ ಕಾವು ಕೂತವು. ಕೆರೆಯ ಉಳಿದ ಬಾತುಗಳು ಹಗಲೆಲ್ಲ ತೂಕಡಿಸಿ, ಕತ್ತಲಾಗುತ್ತಲೇ ಮೈಸೂರು ಮೈನ್ಸ್ ಚಿನ್ನದ ಗಣಿಯ ರಾತ್ರಿ ಪಾಳಿಯವರಂತೆ ಗುಂಪಾಗಿ, ಗದ್ದಲ ಮಾಡುತ್ತಾ ಗದ್ದೆಗೆ ಮೇಯಲು ಹೊರಡುತ್ತಿದ್ದವು. ಜಗಲಿಯಲ್ಲಿ ಸೊಳ್ಳೆ ಹೊಡೆಯುತ್ತಾ ಇದನ್ನಂತೂ ನಾನೇ ನೋಡಿದ್ದೇನೆ.

ಮರಿಗಳು ಒಂದೊಂದಾಗಿ ಪೊಟರೆಯಿಂದ ಧುಮುಕಿ, ಹುಲ್ಲಿನ ಮೇಲೆ ಪುಟಿದು, ಸಾಲಾಗಿ ನೀರಿಗಿಳಿದದ್ದೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಆ ಬೆಳಿಗ್ಗೆ ನಾನು ಗೊರಕೆ ಹೊಡೆಯುತ್ತಿದ್ದೆ, ಕಂಡವಳು ತಾನು ಎಂದು ಅತ್ತೆ ಕೊನೆಯವರೆಗೂ ಹೇಳುತ್ತಿದ್ದಳು. ದಿನಚರಿಯಲ್ಲಿ ಆ ಪುಟ ಖಾಲಿ. ಅವಳದೇ ನಿಜವಿರಬೇಕು.

ಮಾರನೆಯ ದಿನವೇ ಕೊಂಬೆ ಬಿತ್ತು, ವಾರದಲ್ಲಿ ತೊಲೆ ಏರಿತು. ಅಷ್ಟರಲ್ಲಿ ಹಸು ನನ್ನ ಕೋಣೆಯಲ್ಲೇ ಕರು ಹಾಕಿತ್ತು. ನಾನು ಹಾಸಿಗೆ ಸುತ್ತಿಕೊಂಡು ಬಾಗಿಲಿಗೆ ಹೋದರೆ ಅತ್ತೆ ಅಡ್ಡ ನಿಂತಳು.

"ಬಾಣಂತೀನ ಎಬ್ಬಿಸ್ತಾರೇನ್ಲಾ? ಓಗು, ಜಗಲೀಲೇ ಬಿದ್ಕೊ."