ಬಾಣಂತಿ ಕೋಣೆಯ ಬೂಷ್ಟು

ಮಗಳ ಬಾಣಂತನ ಮಾಗಿಯ ಚಳಿಗೇ ಸರಿಯಾಗಿ ಬಂತು. ಚನ್ನಪಟ್ಟಣದಲ್ಲಿ ಅಂಥಾ ಚಳಿ ಎಲ್ಲಿದೆ ಎನ್ನುವವರು ಬೆಳಿಗ್ಗೆ ಹಾಲು ತರಲು ಹೋಗದವರು. ಆಸ್ಪತ್ರೆಯಿಂದ ಮಗಳು, ಮೊಮ್ಮಗಳು ಬರುವ ಮುಂಚೆಯೇ ನಾನು ಕೋಣೆಗೆ ಬಂದೋಬಸ್ತು ಮಾಡಿದ್ದೆ. ಜಾರುವ ಗಾಜಿನ ಕಿಟಕಿ ಎಳೆದು ಮುಚ್ಚಿ, ಸಂದಿಗೆಲ್ಲ ನಮ್ಮನೆಯವರ ಹಳೇ ಪಂಚೆ ಹರಿದು ತುರುಕಿದೆ. ವೆಂಟಿಲೇಟರಿಗೆ ರಟ್ಟು ಬಡಿದೆ. ಮಂಜು ಬಿದ್ದ ಬಟ್ಟೆ ಕೂಸಿಗೆ ಆಗದೆಂದು ಒಳಗೇ ಹಗ್ಗ ಕಟ್ಟಿದೆ. ನೀರು ಹಾಕುವಾಗ ಏಳುವ ಹಬೆ ದಂಡವಾಗಬಾರದೆಂದು ಕೋಣೆಗೇ ಅಂಟಿಕೊಂಡ ಬಚ್ಚಲ ಬಾಗಿಲನ್ನೂ ತೆರೆದಿಡುತ್ತಿದ್ದೆ. ಬಾಣಂತಿಗೆ ಗಾಳಿ ಸೋಕಬಾರದು. ಬಾಣಂತನದ ಬಗ್ಗೆ ನನಗೆ ಗೊತ್ತಿದ್ದದ್ದು ಹೆಚ್ಚುಕಡಿಮೆ ಅಷ್ಟೇ.

ಸ್ವಲ್ಪ ದಿನಕ್ಕೆ ಕಿಟಕಿಯ ಗಾಜಿನ ಒಳಮೈ ಬೆವರತೊಡಗಿತು. ಬೆಳಿಗ್ಗೆ ನೋಡಿದರೆ ಹನಿಗಳು ಸಾಲುಗಟ್ಟಿ ಇಳಿದು ಕೆಳಗಿನ ಪಟ್ಟಿಯಲ್ಲಿ ನಿಂತಿರುತ್ತಿದ್ದವು. ತಾರಸಿಯ ಟ್ಯಾಂಕು ಸೋರುತ್ತಿದೆ, ಗೋಡೆ ನೀರು ಕುಡಿದಿದೆ, ಇನ್ನು ಸೂರೇ ಬೀಳುತ್ತದೆ ಎಂದು ನಾನು ತೀರ್ಮಾನಿಸಿದೆ. ನಮ್ಮನೆಯವರು ಹತ್ತಿ ನೋಡಿ ಬಂದು, "ಮ್ಯಾಲೆಲ್ಲ ಒಣಗೈತೆ. ನೀನ್ ಒಸಿ ಸುಮ್ಕಿದ್ರೆ ಸೂರು ನಿಂತ್ಕತದೆ" ಎಂದರು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ದಿನಾ ಬೆಳಿಗ್ಗೆ ಬಟ್ಟೆಯಿಂದ ಗಾಜು ಒರೆಸಿ, ಹಿಂಡಿ, ಆ ಬಟ್ಟೆಯನ್ನು ಅದೇ ಕೋಣೆಯ ಅದೇ ಹಗ್ಗದ ಮೇಲೆ ಒಣಹಾಕುತ್ತಿದ್ದೆ.

ಅಷ್ಟರಲ್ಲಿ ಕೂಸಿನ ಮೂಗು ಕಟ್ಟಿತು. ನಿದ್ದೆಯಲ್ಲಿ ಗೊರಗೊರ ಎನ್ನುತ್ತಿತ್ತು, ಹಾಲು ಕುಡಿಯುವಾಗ ಮಧ್ಯೆ ಬಿಟ್ಟು ಬಿಟ್ಟು ಅಳುತ್ತಿತ್ತು. ಡಾಕ್ಟರಿಗೆ ತೋರಿಸಿದೆವು. ಎದೆ ಚೆನ್ನಾಗಿದೆ ಎಂದವರು, "ಕೋಣೇಲಿ ಗಾಳಿ ಆಡುತ್ತಾ?" ಎಂದು ಕೇಳಿದರು. "ಇರುವೆ ನುಗ್ಗೋಕೂ ಸಂದಿ ಬಿಟ್ಟಿಲ್ಲ ಡಾಕ್ಟ್ರೇ" ಎಂದೆ, ಹೆಮ್ಮೆಯಿಂದ. "ಬಿಡಿ ಅಮ್ಮಾ, ಸ್ವಲ್ಪ ಬಿಡಿ" ಎಂದರು. ಇನ್ನೂ ಚಿಕ್ಕ ಹುಡುಗ, ಬಾಣಂತನದ ವಿಷಯ ಇವನಿಗೇನು ಗೊತ್ತು ಎಂದುಕೊಂಡು ಬಂದೆ. ಮನೆಗೆ ಬಂದು ಇನ್ನೊಂದು ಪಂಚೆ ಹರಿದೆ.

ಆ ವಾರ ದೊಡ್ಡಮಳೂರಿನಿಂದ ನಮ್ಮವ್ವ ಮರಿಮಗಳನ್ನು ನೋಡಲು ಬಂದಳು, ಅಂಬೆಗಾಲು ಕೃಷ್ಣನ ಪ್ರಸಾದದ ಬೆಣ್ಣೆ ಹಿಡಿದುಕೊಂಡು. ಯಾವ ಸಂದಿ ಬಿಟ್ಟಿದ್ದೀಯೆ ಎಂದು ಬೈಯುತ್ತಾಳೇನೋ ಎಂಬ ಭಯ ನನಗೆ. ಅವಳು ಒಳಗೆ ಬಂದು ಕೂತು, ಸೆರಗಿನಿಂದ ಕತ್ತು ಒರೆಸಿಕೊಂಡು ಸುತ್ತ ನೋಡಿದಳು.

"ಏನಮ್ಮಿ ಇದು, ಬಾಣಂತಿ ಕೋಣೆನೋ, ಇಡ್ಲಿ ಪಾತ್ರೆನೋ?"

ಮಂಚದ ಮೇಲಿದ್ದ ಮಗಳು ಕಿಸಕ್ಕನೆ ನಕ್ಕಳು. "ಬೆಂದೋಗಿವ್ನಿ ಅಜ್ಜಿ. ನೀನಾದ್ರೂ ಹೇಳು."

ನನಗೆ ಸಿಟ್ಟು ಬಂತು. "ನನ್ ಬಾಣಂತನ್ದಲ್ಲಿ ಕಿಟ್ಕಿ ಮುಚ್ಸಿದ್ದು ಯಾರವ್ವಾ? ನೀನೇ ತಾನೆ?"

"ನಾನೇ ಕಣಮ್ಮಿ. ಅದು ಎಂಚಿನ್ ಮನೆ. ಮಲೀಕಂಡ್ರೆ ಸಂದೀಲಿ ಆಕಾಸ ಕಾಣ್ತಿತ್ತು. ಕಿಟ್ಕಿ ಮುಚ್ಚುದ್ರೂ ಗಾಳಿ ಮ್ಯಾಲಿಂದ ಬತ್ತಿತ್ತು. ಇಲ್ಲೆಲ್ಲಿಂದ ಬಂದದು, ನಿನ್ ಗಂಡನ್ ಪಂಚೆಯಿಂದ್ಲಾ?" ಎಂದವಳು ಮೂಗು ಮುರಿದಳು. "ಅದೇನ್ ಕಮಟು ವಾಸ್ನೆ?"

ವಾಸನೆ ಹುಡುಕುತ್ತಾ ಮಂಚ ಎಳೆದೆವು. ತಲೆದೆಸೆಯ ಗೋಡೆಯ ಮೇಲೆ ಎಳ್ಳು ಎರಚಿದ ಹಾಗೆ ಕಪ್ಪು ಚುಕ್ಕೆ. ಬೂಷ್ಟು. ಸರಿಯಾಗಿ ಕೂಸಿನ ತಲೆಯ ಹಿಂದೆ. ಸೂರು ಬೀಳುವುದರಿಂದ ಹಿಡಿದು ಊರಿನ ಕಷ್ಟವನ್ನೆಲ್ಲ ಮುಂಗಡವಾಗಿ ಚಿಂತಿಸಿದವಳು ನಾನು, ಇದೊಂದನ್ನು ಬಿಟ್ಟು.

ಬಾಣಂತಿಯೂ ಕೂಸೂ ಹಾಲ್‌ನ ಪಕ್ಕದ ಕೋಣೆಗೆ ಹೋದರು. ನಮ್ಮನೆಯವರು ಮೂಗಿಗೆ ಟವೆಲ್ ಸುತ್ತಿಕೊಂಡು ಕಿಟಕಿ ತೆರೆದು, ವೆಂಟಿಲೇಟರಿನ ರಟ್ಟು ಕಿತ್ತು, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಗೋಡೆ ಉಜ್ಜಿದರು. ಸಂದಿಯಿಂದ ಬಂದ ಪಂಚೆ ಚೂರುಗಳನ್ನು ಗುರುತು ಹಿಡಿದು, "ಇದ್ನ ಎಲ್ಲೆಲ್ಲಿ ಹುಡುಕ್ದೆ ಮಾರಾಯ್ತಿ!" ಎಂದು ಹಲುಬಿದರು. ಕೂಸಿನ ಬಟ್ಟೆ ತಾರಸಿಯ ಬಿಸಿಲಿಗೆ ಹೋಯಿತು. ಗೋಡೆ ಒಣಗಿ ವಾಸನೆ ಹೋದಮೇಲೆ ಮಂಚವನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಹಾಕಿ ಇಬ್ಬರನ್ನೂ ಕರೆತಂದೆವು. ಬಿಸಿಲೇರಿದ ಮೇಲೆ ಕಿಟಕಿ ತೆರೆಯುವುದು ಈಗ ಅಭ್ಯಾಸ. ಮೊದಮೊದಲು ನಾನು ದುಪ್ಪಟಿ ಹರವಿಕೊಂಡು ಗಾಳಿಗೂ ಮಂಚಕ್ಕೂ ನಡುವೆ ನಿಂತೇ ಇರುತ್ತಿದ್ದೆ.

ಬೆಳಿಗ್ಗೆ ಗಾಜಿನ ಅಂಚಲ್ಲಿ ಈಗಲೂ ಒಂದಿಷ್ಟು ತೇವ ಇರುತ್ತದೆ. ಒರೆಸಿ, ಬಟ್ಟೆಯನ್ನು ಹೊರಗೆ ಹಾಕುತ್ತೇನೆ.

ಮೊನ್ನೆ ಮಧ್ಯಾಹ್ನ ಕೂಸು ಹಾಲು ಕುಡಿದು ಮಲಗಿತ್ತು. ಗೊರಗೊರ ಇಲ್ಲ, ಸದ್ದೇ ಇಲ್ಲ. ಬಗ್ಗಿ ಅದರ ಮೂಗಿನ ಕೆಳಗೆ ಬೆರಳು ಹಿಡಿದೆ.

ಮಗಳು ಕಣ್ಣು ಬಿಡದೆಯೇ ಹೇಳಿದಳು: "ಉಸ್ರಾಡ್ತಾ ಐತೆ ಕಣಮ್ಮ. ನೀನೂ ಒಸಿ ಉಸ್ರಾಡು."