ರೊಟ್ಟಿ ಮೇಜಿನ ಎತ್ತರ

ರೂಪಾಳ ಓದಿಗೆ ಅತ್ತೆಯ ಮನೆಯವರು ಒಪ್ಪಿದ್ದು ಒಂದು ಷರತ್ತಿನ ಮೇಲೆ. ವಾರದ ರೊಟ್ಟಿ ಬಡಿದಿಟ್ಟು ಹೋಗಬೇಕು.

ಷರತ್ತು ಹಾಕಿದವರು ಅತ್ತೆ ಕಸ್ತೂರಿಬಾಯಿ. ಭಾಲ್ಕಿ ಕಡೆಯಿಂದ ನಾಸಿಕಕ್ಕೆ ಬಂದು ಅವರಿಗೆ ಅರ್ಧ ಆಯುಷ್ಯವೇ ಆಗಿತ್ತು. ತರಕಾರಿಯವಳ ಜೊತೆ ಮರಾಠಿಯಲ್ಲೇ ಜಗಳ ಕಾಯುವಷ್ಟು ಊರಿಗೆ ಹೊಂದಿಕೊಂಡಿದ್ದರು. ಆದರೆ ರೊಟ್ಟಿ ಮಾತ್ರ ಮನೆಯದೇ ಆಗಬೇಕು. ಬೀದಿಯ ತುದಿಯಲ್ಲಿ ಪೋಳಿ-ಭಾಜಿ, ಅಂದರೆ ಚಪಾತಿ-ಪಲ್ಯ, ಮಾರುವ ಅಂಗಡಿಯಿತ್ತು, ಅಲ್ಲಿ ಭಾಕ್ರಿ ಎಂಬ ಹೆಸರಿನಲ್ಲಿ ಜೋಳದ ರೊಟ್ಟಿಯೂ ಸಿಗುತ್ತಿತ್ತು. “ಯಾರ ಕೈದು ಏನೋ, ಮನೀ ಹೆಣ್ಮಗಳ ಕೈ ಮುರದಾದೇನು?” ಎಂದು ಅವರು ಆ ಮಾತನ್ನು ಎತ್ತಲೇ ಬಿಡುತ್ತಿರಲಿಲ್ಲ. ಮಾವ ಗುರುಲಿಂಗಪ್ಪ ಇಂಥ ವಿಷಯಗಳಲ್ಲಿ ಪೇಪರ್ ಓದುತ್ತಿದ್ದರು. ಗಂಡ ರವಿಕಾಂತ “ಅವ್ವ ಏನಂತಾಳೋ ಹಂಗ” ಎನ್ನುತ್ತಿದ್ದ.

ಹಾಗಾಗಿ ಎರಡು ವರ್ಷ ರೂಪಾಳ ಶನಿವಾರ, ಭಾನುವಾರಗಳು ಹಿಟ್ಟಿನಲ್ಲೇ ಕಳೆದವು. ಶುಕ್ರವಾರ ಸಂಜೆ ಕಾಲೇಜಿದ್ದ ಸಂಭಾಜಿನಗರದಿಂದ ಎಸ್‌ಟಿ ಬಸ್ಸು ಹಿಡಿದು ಬರುವುದು. ಎರಡೂ ದಿನ ಊಟದ ಹೊತ್ತಿಗೆ ಬಿಸಿ ರೊಟ್ಟಿ, ಉಳಿದ ಹೊತ್ತೆಲ್ಲ ವಾರಕ್ಕೆ ಬೇಕಾದ ಕಡಕ್ ರೊಟ್ಟಿ. ತೆಳ್ಳಗೆ ಬಡಿದು, ಹಂಚಿನ ಮೇಲೆ ಗರಿಗರಿಯಾಗುವಂತೆ ಸುಟ್ಟು, ಆರಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಇಡಬೇಕು. ಬಿಸಿ ರೊಟ್ಟಿಯ ಸಂಪ್ರದಾಯವಂತೂ ಗೊತ್ತೇ ಇದೆ. ಹಂಚಿನಿಂದ ಎದ್ದದ್ದು ನೇರ ತಾಟಿಗೆ ಬೀಳಬೇಕು, ಉಣ್ಣುವವರು ಸಾಕೆನ್ನುವ ತನಕ ಬಡಿಯುವವಳು ಏಳುವ ಹಾಗಿಲ್ಲ. ಕೊನೆಗೆ ತನ್ನ ಪಾಲಿನದನ್ನು ಅವಳು ಒಲೆಯ ಪಕ್ಕದಲ್ಲೇ, ಹಿಟ್ಟು ಮೆತ್ತಿದ ಕೈಯಲ್ಲೇ ತಿನ್ನುತ್ತಿದ್ದಳು.

ಸೋಮವಾರದ ಮೊದಲ ತರಗತಿಯಲ್ಲಿ ಪೆನ್ಸಿಲ್ ಹಿಡಿದರೆ ಬೆರಳು ಬಿಗಿಯುತ್ತಿದ್ದವು. ಸಹಪಾಠಿಗಳು ಅವಳಿಗಿಂತ ಏಳೆಂಟು ವರ್ಷ ಚಿಕ್ಕವರು. “ದೀದಿ, ವೀಕೆಂಡ್ ಕೈಸಾ ಥಾ?” ಎಂದು ಕೇಳುತ್ತಿದ್ದರು. “ಮಸ್ತ್” ಎನ್ನುತ್ತಿದ್ದಳು ರೂಪಾ. ವಿವರಿಸುವಷ್ಟು ತ್ರಾಣ ಇರುತ್ತಿರಲಿಲ್ಲ.

ಇಷ್ಟೆಲ್ಲ ಯಾಕೆಂದರೆ, ನಾಸಿಕದ ಹತ್ತಿರದ ಸಿನ್ನರಿನಲ್ಲಿ, ಕನ್ನಡದ ಮನೆಯಲ್ಲೇ ಹುಟ್ಟಿ ಬೆಳೆದ ಈ ಹುಡುಗಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ನಾಸಿಕದ್ದೇ ಆದ ಅಂಬಡ್‌ನ ಸ್ವಿಚ್‌ಬೋರ್ಡ್ ಕಾರ್ಖಾನೆಯೊಂದರಲ್ಲಿ ಏಳು ವರ್ಷ ಬೇರೆಯವರ ವಿನ್ಯಾಸಕ್ಕೆ ನಕ್ಷೆ ಬರೆದಿದ್ದಳು. ಹಿಡಿ ಎಲ್ಲಿರಬೇಕು, ಗುಂಡಿ ಎಷ್ಟು ದಪ್ಪವಿರಬೇಕು ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ಕೂರಲು ವಿನ್ಯಾಸದಲ್ಲಿ ಸ್ನಾತಕೋತ್ತರ ಪದವಿ ಬೇಕು ಎಂದು ಕಾರ್ಖಾನೆಯವರು ಹೇಳಿದ್ದರು. ಆ ಕುರ್ಚಿ ಅವಳಿಗೆ ಬೇಕಿತ್ತು. ಮನೆಯಲ್ಲಿ ಕೊಟ್ಟ ಗಡುವು ಎರಡೇ ವರ್ಷ. ಮಗುವಿನ ಮಾತು ಎದ್ದಾಗಲೆಲ್ಲ “ಡಿಗ್ರಿ ಮುಗೀಲಿ” ಎಂದು ರವಿಕಾಂತ ತಡೆಯುತ್ತಿದ್ದ. ಗಡುವು ಮುಗಿದರೆ ಆ ಮಾತಿನ ಆಸರೆಯೂ ಇರುವುದಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಮಾರ್ಗದರ್ಶಕಿ ನಿಂಬಾಳ್ಕರ್ ಮ್ಯಾಡಮ್ ಹೇಳಿದ್ದು ಇಷ್ಟೇ: “ನಿಮ್ಮ ಮನೆಯಲ್ಲಿ ಯಾರಿಗಾದರೂ ಮೈ ನೋಯಿಸುವ ಕೆಲಸ ಯಾವುದಿದೆ ನೋಡಿ. ಅದನ್ನು ಹಗುರ ಮಾಡುವ ವಸ್ತು ಮಾಡಿ.” ರೂಪಾಗೆ ಯೋಚಿಸುವುದೇನೂ ಇರಲಿಲ್ಲ. ನಿಂತು ರೊಟ್ಟಿ ಬಡಿಯಲು ಒಂದು ಮೇಜು. ಅಡುಗೆ ಕಟ್ಟೆ ಬಡಿಯುವುದಕ್ಕೆ ಎತ್ತರವಾಗುತ್ತದೆ, ನೆಲವೋ ಸೊಂಟ ಮುರಿಯುತ್ತದೆ. ಎರಡರ ನಡುವೆ ಸರಿಯಾದ ಎತ್ತರ ಸಿಕ್ಕರೆ ಮೈಯ ಭಾರವೇ ಅಂಗೈಗೆ ಇಳಿದು ರೊಟ್ಟಿ ತಾನಾಗಿ ಹರಡುತ್ತದೆ. ಪಕ್ಕದಲ್ಲೇ ಅದೇ ಮಟ್ಟಕ್ಕೆ ಒಲೆ.

ಅಳತೆ ತೆಗೆಯಲು ಟೇಪು ಹಿಡಿದು ಅಡುಗೆಮನೆಗೆ ಹೋದ ದಿನ ಕಸ್ತೂರಿಬಾಯಿ ಸೆರಗು ಸರಿಮಾಡಿಕೊಂಡು ಗೋಡೆಗೆ ಒರಗಿ ನಿಂತೇಬಿಟ್ಟರು.

“ಏನ, ಜಂಪರ್ ಹೊಲಸ್ತೀ ಏನ ನನಗ?”

“ಇಲ್ರಿ ಅತ್ಯಾರ, ಮೇಜಿನ ಸಲ್ಯಾಕ. ಮೊಳಕೈ ಎತ್ತರ ನೋಡ್ಬೇಕು.”

“ನೋಡ್ ನೋಡ್. ಛಲೋ ಹಿಡಿ ಟೇಪ. ಸೊಟ್ಟ ಹಿಡದ್ರ ಮೇಜೂ ಸೊಟ್ಟ ಆಗ್ತದ.”

ರೊಟ್ಟಿ ಬಡಿಯುವುದನ್ನು ವಿಡಿಯೋ ಮಾಡಬೇಕೆಂದಾಗ ಅವರು ಇಳಕಲ್ ಸೀರೆ ಉಟ್ಟು ಬಂದರು. ಹಿಟ್ಟಿನ ಅಗಲ ತಟ್ಟೆ ಪರಾತದ ಮುಂದೆ ಕೂತು ಒಂದೇ ಒಂದು ರೊಟ್ಟಿ ಬಡಿದು, ಕ್ಯಾಮೆರಾ ನೋಡಿ ನಕ್ಕರು. ಎಲ್ಲಾದರೂ ನೋಯುತ್ತದೆಯೇ ಎಂದು ಕೇಳಿದ್ದಕ್ಕೆ “ನನಗೇನ್ ನೋವು! ಮೂವತ್ತ್ ವರ್ಷ ಬಡದೀನಿ, ಒಂದಿನ ಹಾ ಅಂದಿಲ್ಲ” ಎಂದರು. ಕ್ಯಾಮೆರಾ ಆರಿದ ಮೇಲೆ ಏಳಲಾಗದೆ ಸೊಸೆಯ ಕೈ ಹಿಡಿದು ಎದ್ದರು.

ರೂಪಾ ಎಲ್ಲವನ್ನೂ ಬರೆದುಕೊಂಡಳು. ಅತ್ತೆಯ ಮೊಳಕೈ, ಅತ್ತೆಯ ಸೊಂಟ, ಅತ್ತೆಯ ಚಾಚಿದ ತೋಳು. ಆ ಅಡುಗೆಮನೆಯಲ್ಲಿ ಮಸಾಲೆ ಡಬ್ಬಿಯ ಹಲಗೆಯಿಂದ ಹಿಡಿದು ಟವೆಲ್ಲಿನ ಮೊಳೆಯವರೆಗೆ ಎಲ್ಲವೂ ಕಸ್ತೂರಿಬಾಯಿಯ ಕೈಗೆ ಸರಿಯಾಗಿದ್ದವು. ಇದೂ ಹಾಗೇ ಇರಬೇಕು ಎಂಬುದರಲ್ಲಿ ಯಾರಿಗೂ, ಸ್ವತಃ ರೂಪಾಗೂ, ಅನುಮಾನ ಬರಲಿಲ್ಲ.

ಮೇಜು ಚೆನ್ನಾಗಿ ಬಂತು. ಉಕ್ಕಿನ ಕಾಲು, ಬೀಟೆಯ ಹಲಗೆ, ಕೆಳಗೆ ಹಿಟ್ಟಿನ ಡಬ್ಬಿಗೆ ಜಾಗ. ಕಾಲೇಜಿನ ವರ್ಕ್‌ಶಾಪಿನಲ್ಲಿ ಮಾಡಿದ ಮೊದಲನೆಯದು ಅಂತಿಮ ಪರೀಕ್ಷೆಗೆಂದು ಅಲ್ಲೇ ಉಳಿಯಿತು. ಅದೇ ಅಳತೆಯ ಇನ್ನೊಂದನ್ನು ಟೆಂಪೋದಲ್ಲಿ ಮನೆಗೆ ಕಳಿಸಿ, ಒಂದು ತಿಂಗಳು ಅದರ ಮೇಲೇ ಬಡಿದಳು. ಸೊಂಟದ ನೋವು ಕಡಿಮೆಯಾಯಿತು. ಭುಜ ಹಿಡಿಯತೊಡಗಿತು. ಬಸ್ಸಿನ ಸೀಟಿನ ದೋಷ ಅಂದುಕೊಂಡಳು.

ಅಂತಿಮ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ನಕ್ಷೆಗಳನ್ನು ಮೆಚ್ಚಿದರು. ಬೆಸುಗೆಯನ್ನು ಬೆರಳಾಡಿಸಿ ನೋಡಿದರು. “ಮಾಡಿ ತೋರಿಸಿ, ನನಗೂ ಹಸಿವಾಗಿದೆ” ಎಂದರು. ರೂಪಾ ಬಿಸಿನೀರಿನಲ್ಲಿ ಹಿಟ್ಟು ನಾದಿ, ಮೇಜಿನ ಮುಂದೆ ನಿಂತು ಬಡಿಯತೊಡಗಿದಳು. ರೊಟ್ಟಿ ಹುಣ್ಣಿಮೆಯಂತೆ ದುಂಡಗೆ ಹರಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಿಂಬಾಳ್ಕರ್ ಮ್ಯಾಡಮ್ ಮಾತ್ರ ಎದ್ದು ಬಂದು ಪಕ್ಕದಿಂದ ನೋಡಿದರು. ರೂಪಾಳ ಬೆನ್ನು ಕುಡುಗೋಲಿನಂತೆ ಬಾಗಿತ್ತು, ಭುಜಗಳು ಕಿವಿಯ ಹತ್ತಿರ ಬಂದಿದ್ದವು.

“ಈ ಮೇಜು ಯಾರಿಗಾಗಿ?” ಎಂದು ಮರಾಠಿಯಲ್ಲಿ ಕೇಳಿದರು.

“ಮನೆಯಲ್ಲಿ ರೊಟ್ಟಿ ಮಾಡುವವರಿಗೆ, ಮ್ಯಾಡಮ್.”

“ನಿಮ್ಮ ಮನೆಯಲ್ಲಿ ಯಾರು ಮಾಡುತ್ತಾರೆ?”

“ನಾನು.”

“ಅಳತೆ ಯಾರದು?”

“ಅತ್ತೆಯವರದು.”

“ಅವರು ದಿನಾ ಮಾಡುತ್ತಾರಾ?”

ರೂಪಾಳ ಅಂಗೈ ಹಿಟ್ಟಿನ ಮೇಲೆಯೇ ನಿಂತಿತು. “ಇಲ್ಲ. ನಾನು ಮದುವೆಯಾಗಿ ಬಂದ ದಿನದಿಂದ ಅವರು ಬಿಟ್ಟಿದ್ದಾರೆ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕಸ್ತೂರಿಬಾಯಿ ಅವಳ ಭುಜದಷ್ಟೂ ಎತ್ತರವಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅಳತೆ ಎಂದಾಗ ತನಗೂ ಒಂದು ಮೈ ಇದೆ ಎಂಬುದು ಮಾತ್ರ ನೆನಪಾಗಿರಲಿಲ್ಲ.

ನಿಂಬಾಳ್ಕರ್ ಮ್ಯಾಡಮ್ ಅವಳನ್ನು ಫೇಲು ಮಾಡಲಿಲ್ಲ. ಇನ್ನೊಂದು ಸೆಮಿಸ್ಟರ್ ತೆಗೆದುಕೊಂಡು, ಬಳಸುವವಳ ಅಳತೆಯಿಂದ ಶುರು ಮಾಡಿ, ಮೇಜನ್ನು ಮತ್ತೆ ಮಾಡಬೇಕು ಎಂದರು. ಪರೀಕ್ಷಕರು ಹೋಗುವಾಗ ಆ ರೊಟ್ಟಿಯನ್ನು ಉಪ್ಪಿನಕಾಯಿಯ ಜೊತೆ ತಿಂದು, ತುಂಬ ರುಚಿ ಎಂದರು.

ಆ ಶನಿವಾರ ಮಧ್ಯಾಹ್ನ, ಎಲ್ಲರ ಊಟವಾದ ಮೇಲೆ ರೂಪಾ ವಿಷಯ ಹೇಳಿದಳು.

“ಇನ್ನೂ ಆರ್ ತಿಂಗಳಾ?” ಕಸ್ತೂರಿಬಾಯಿಯ ಕೈಯ ಎಲೆಅಡಿಕೆ ಅಲ್ಲೇ ನಿಂತಿತು. “ಎರಡ ವರ್ಷ ಅಂದಿದ್ದಿಲ್ಲಾ ನೀ? ಯಾಕ, ಮೇಜಿಗೇನ್ ರೋಗ ಬಂದದ?”

“ಮೇಜ್ ಬರಾಬರ್ ಅದರೀ. ನನಗ್ ಕಮ್ಮಿ ಬೀಳ್ತದ. ನಿಮ್ಮ ಅಳತಿದ ಅದು.”

“ಮತ್ತ? ಅಡಗಿ ಮನಿ ಯಾರದು?”

“ನಿಮ್ಮದೇ ರೀ. ಬಡಿಯಾಕಿ ನಾನು.”

ಗುರುಲಿಂಗಪ್ಪ ಪೇಪರಿನ ಪುಟ ತಿರುಗಿಸಿದರು. ರವಿಕಾಂತ ಮೊಬೈಲು ಕೆಳಗಿಟ್ಟು, “ಒಂದ್ ಕಾಮ್ ಕರ್, ಇದಕ್ಕೇ ಕಾಲಿನ ಬುಡಕ್ಕ ಇಟ್ಟಂಗಿ ಕೊಟ್ಟು ಎತ್ತರ ಮಾಡಿ ತೋರಿಸ್ಬಿಡು. ಅವರಿಗೇನ್ ತಿಳೀತದ?” ಎಂದ.

ರೂಪಾ ಅವನನ್ನು ನೋಡಿದಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ಶಕ್ತಿ ಬೇಕು.

“ಆಗಂಗಿಲ್ರಿ. ಹೊಸಾದು ಮಾಡ್ಬೇಕು. ಶನಿವಾರ, ಐತವಾರ ವರ್ಕ್‌ಶಾಪಿನ್ಯಾಗ ಇರ್ಬೇಕಾಗ್ತದ. ಇನ್ನ ಮ್ಯಾಗ ವಾರಾ ವಾರಾ ಬರೂದಾಗಂಗಿಲ್ಲ.”

“ಮತ್ತ ರೊಟ್ಟಿ?” ಎಂದರು ಕಸ್ತೂರಿಬಾಯಿ. ಸೊಸೆ ಬರುವುದಿಲ್ಲ ಎಂಬುದಕ್ಕಿಂತ ಮೊದಲು ಬಾಯಿಗೆ ಬಂದದ್ದು ಅದು. ಅದು ಅವರಿಗೂ ತಟ್ಟಿತೋ ಏನೋ, ಎಲೆಅಡಿಕೆ ಬಾಯಿಗೆ ಹಾಕಿಕೊಂಡರು.

“ಮೇಜ್ ಇಲ್ಲೇ ಇರ್ತದರಿ. ನಿಮಗ್ ಸರಿ ಆಗ್ತದ. ಇಲ್ಲಂದ್ರ ಕಾರ್ನರಿನ ಭಾಕ್ರಿ ಅದಾವ.”

“ಈ ವಯಸ್ಸಿನ್ಯಾಗ ನಾ ಬಡೀಲೇನು?”

ರೂಪಾ ಎದ್ದಳು. ಆ ದಿನ ಹಿಟ್ಟು ಜರಡಿ ಹಿಡಿಯಲಿಲ್ಲ, ಹಂಚು ಇಡಲಿಲ್ಲ. ಚಾಪೆ ಹಾಸಿಕೊಂಡು ಹಾಡುಹಗಲೇ ಮಲಗಿದಳು. ಮದುವೆಯಾದ ಮೇಲೆ ಆ ಮನೆಯಲ್ಲಿ ಅವಳು ಜ್ವರವಿಲ್ಲದೆ ಮಧ್ಯಾಹ್ನ ಮಲಗಿದ್ದು ಅದೇ ಮೊದಲು. ನಿದ್ದೆಯೇನೂ ಹತ್ತಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳು ಬೇಕೆಂದೇ ಸದ್ದು ಮಾಡುತ್ತಿದ್ದವು.

ಭಾನುವಾರ ಸಂಭಾಜಿನಗರಕ್ಕೆ ಮರಳಿದಳು. ಬುಧವಾರ ಅತ್ತೆಯ ಫೋನು ಬಂತು.

“ನೋಡಿಲ್ಲಿ. ಕಾರ್ನರಿಂದು ತರಸಿದ್ದೆ, ನಿಮ್ಮ ಮಾವಗ ನಡೀಲಿಲ್ಲ. ನಾನೇ ನಿಂತೆ. ಸೊಂಟ ಏನೂ ಅನ್ಲಿಲ್ಲ, ಖರೆ ಹೇಳ್ಬೇಕು. ಆದ್ರ ಮೊಣಕಾಲ್ ಹಿಡದಾವ ನಿಂತು ನಿಂತು. ಇದಕ್ಕೊಂದು ಕೂಡೂ ಜಾಗ ಮಾಡ್ಬೇಕಂತ ಹೊಳೀಲಿಲ್ಲೇನು ನಿನಗ? ಇಷ್ಟ ಓದೀದಿ!”

“ಹೊಳೀಲಿಲ್ರಿ,” ಎಂದಳು ರೂಪಾ.

“ಹೊಳೀಲಿಲ್ಲಂತ! ನಾಕ್ ಬಡದೆ, ಬಿಟ್ಟೆ. ರವೀಗ ಹೇಳೀನಿ, ತಿಂದ್ರ ಚಪಾತಿ ತಿನ್ನು ಇಲ್ಲಂದ್ರ ನೀನೇ ಬಡೀ ಅಂತ.” ಆಮೇಲೆ, “ಯಾವಾಗ್ ಬರ್ತಿ?”

“ಗೊತ್ತಿಲ್ರಿ ಅತ್ಯಾರ.”

ಫೋನು ಇಟ್ಟು ರೂಪಾ ವರ್ಕ್‌ಶಾಪಿಗೆ ಹೋದಳು. ನಿಂಬಾಳ್ಕರ್ ಮ್ಯಾಡಮ್ ಟೇಪು ಹಿಡಿದು ಕಾದಿದ್ದರು. ರೂಪಾ ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಹಚ್ಚಿ ನಿಂತಳು.

“ಭುಜ ಸಡಿಲ ಬಿಡು.”

“ಬಿಟ್ಟಿದ್ದೇನೆ, ಮ್ಯಾಡಮ್.”

“ಇಲ್ಲ, ಇನ್ನೂ ಮೇಲಿವೆ. ಹೀಗಿದ್ದರೆ ಅಳತೆ ತಪ್ಪು ಬರುತ್ತದೆ.”

ರೂಪಾ ಉಸಿರು ಬಿಟ್ಟು ನೋಡಿದಳು. ಕೈ ಜಾಡಿಸಿ ನೋಡಿದಳು. ಭುಜಗಳು ತಮ್ಮ ಜಾಗ ಮರೆತಂತೆ ಅಲ್ಲೇ ನಿಂತಿದ್ದವು. ಮ್ಯಾಡಮ್ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು, ಸ್ಟೂಲೊಂದನ್ನು ಎಳೆದು ಕೊಟ್ಟರು.

“ಕೂತುಕೋ. ಅವಸರವಿಲ್ಲ. ಆಮೇಲೆ ಅಳೆಯೋಣ.”

ರೂಪಾ ಕೂತಳು.