ಬದುವಿನ ಮಣ್ಣು ಜಮಖಂಡಿಗೂ ಬಂತು

ಜಮಖಂಡಿಗೆ ಬಂದ ಮರುದಿನ ಮುಂಜಾನೆ ಮಗಳು ಚಹಾ ಕುಡಿಯುತ್ತ ಒಬ್ಬನ ಗಲ್ಲು ಶಿಕ್ಷೆ ಗಟ್ಟಿಯಾಗಿ ಓದುತ್ತಿದ್ದಳು. ನಾನು ಚಹಾದ ಬಸಿ ಕೆಳಗಿಟ್ಟೆ.

"ಯಾರವಾ ಅಂವಾ? ನಮ್ಮ ಪೈಕಿ ಏನು?"

"ಅಲ್ಲ ಬೇ. ಜಜ್ಜರು ಕೊಟ್ಟ ತೀರ್ಪು. ನನ್ನ ಅಭ್ಯಾಸ ಇದರ ಮ್ಯಾಲನ ಐತಿ."

ಮಗಳು ಇಲ್ಲಿ ಕಾನೂನು ಕಾಲೇಜಿನಲ್ಲಿ ಪ್ರೊಫೆಸರ್. ಜಜ್ಜರು ತೀರ್ಪಿಗೆ ಹೇಗೆ ಬರುತ್ತಾರೆ, ಆ ಅಧಿಕಾರ ಅವರಿಗೆ ಕೊಟ್ಟವರು ಯಾರು, ಜನ ಯಾಕೆ ಒಪ್ಪಬೇಕು ಎಂದು ಪುಸ್ತಕ ಬರೆಯುತ್ತಾಳೆ. ನನ್ನ ಮೊಣಕಾಲು ಹೋದವೆಂದು ಕರೆತಂದಳು. ನಮ್ಮೂರು ರನ್ನ ಬೆಳಗಲಿಯಿಂದ ಬಸ್ಸಿಗೆ ಒಂದು ತಾಸು, ನನಗೆ ಪರದೇಶವೇ. ಅಲ್ಲಿ ಹಗಲು ಬಾಗಿಲು ಹಾಕಿದರೆ ಯಾರೋ ಸತ್ತರೆಂದು ಜನ ಬರುತ್ತಾರೆ. ಇಲ್ಲಿ ತೆರೆದಿಟ್ಟರೆ ಕಳ್ಳ ಬರುತ್ತಾನಂತೆ. ಹಾಲು ಪಾಕೀಟಿನಲ್ಲಿ. ಮೊನ್ನೆ ಮೊದಲ ಸಲ ಚೆಲ್ಲದೆ ಕತ್ತರಿಸಿದೆ.

ಖರೆ ಅಂಜಿಕೆ ಹತ್ತಿದ್ದು ಆಮೇಲೆ.

"ಅವ್ವಾ, ನಾ ಹೊಟ್ಟ್ಯಾಗಿದ್ದಾಗ ನೀ ಮಣ್ಣು ಹೊತ್ತು ಬದು ನಡದಿದ್ಯಲ್ಲ, ಅದನ್ನ ಪುಸ್ತಕದಾಗ ಹಾಕ್ತೇನಿ. ಪೊಲೀಸರಿಲ್ಲ, ಕೋರ್ಟಿಲ್ಲ, ಆದ್ರೂ ಊರೆಲ್ಲ ಒಪ್ಪಿತು. ಎಂಥಾ ನ್ಯಾಯ ಬೇ ಅದು!"

ಆಗ ನಮ್ಮಲ್ಲಿ ರೂಢಿ ಅದು. ಬದುವಿನ ಜಗಳ ಹರಿಯದಿದ್ದರೆ ಬಸುರಿ ಹೆಂಗಸು ಆ ಹೊಲದ ಮಣ್ಣು ತಲೆಯ ಮೇಲೆ ಹೊತ್ತು ನಡೆಯಬೇಕು. ಅವಳು ನಡೆದದ್ದೇ ಗಡಿ. ಸುಳ್ಳು ನಡೆದರೆ ಕೂಸು ಉಳಿಯುವುದಿಲ್ಲ. ನಾನು ಮಾವನ ಮಾತು ಕೇಳಿ ಪಕ್ಕದ ಗಂಗವ್ವನ ಹೊಲದಲ್ಲಿ ನಾಲ್ಕು ಹೆಜ್ಜೆ ಒಳಗೆ ನಡೆದೆ. ಅಷ್ಟು ನೆಲ ನಮ್ಮದಾಯಿತು. ಮಗಳಿಗೆ ಜ್ವರ ಬಂದಾಗಲೆಲ್ಲ ಆ ಹೆಜ್ಜೆಗಳೇ ಕಣ್ಣಮುಂದೆ. ಇಲ್ಲಿಗೆ ಬರುವ ದಿನ ಬಸ್ಸು ಹತ್ತುವಾಗ ರೊಟ್ಟಿ ಬುತ್ತಿ ಕಟ್ಟಿಕೊಟ್ಟವಳೂ ಗಂಗವ್ವನೇ.

ಸುಳ್ಳು ಅಚ್ಚಾದರೆ ಎರಡನೇ ಸಲ ಆಣೆ ಮಾಡಿದಂತೆ. ಈ ಸಲ ಮಗಳಿಗೆ ತಟ್ಟೀತೆಂದು ಮೂರು ದಿನ ಅವಳ ಹಣೆ ಮುಟ್ಟಿ ಮುಟ್ಟಿ ನೋಡಿದೆ. ನಾಲ್ಕನೇ ದಿನ ಹೇಳಿಬಿಟ್ಟೆ.

ಮಗಳು ಪೆನ್ನು ಕೆಳಗಿಟ್ಟಳು. "ನನ್ನ ಜೀವದ ಮ್ಯಾಲ ಆಣಿ ಇಟ್ಟು ಸುಳ್ಳು ನಡದ್ಯಾ?"

"ಮಾವಗ ಅಂಜಿ ನಡದೆ."

"ಮತ್ತ ಊರು ಯಾಕ ಒಪ್ಪಿತು?"

"ಅವರೂ ಅಂಜಿದ್ರವಾ. ಬಸುರಿಗಿ ಸುಳ್ಳಿ ಅನ್ನಾಕ ಯಾರಿಗಿ ಎದಿ ಇರತೈತಿ?"

ಮಗಳು ಹೊಸ ಹಾಳೆ ತೆಗೆದಳು. "ಇದನ್ನ ಬರೀಬೇಕಾಗ್ತೈತಿ, ಅವ್ವಾ."

"ಬರಿ. ಆದ್ರ ಮೊದಲ ಗಂಗವ್ವಗ ನಾನ ಹೇಳ್ತೇನಿ."

ಅಂದಿನಿಂದ ಮಗಳು ನನ್ನ ಮುಖ ನೋಡಿ ಮಾತಾಡಿಲ್ಲ. ನಾಳೆ ಊರಿಗೆ ಹೋಗುತ್ತೇನೆ. ಗಂಗವ್ವ ಒಳಗೆ ಕರೆಯುತ್ತಾಳೋ, ಅಂಗಳದಿಂದಲೇ ಓಡಿಸುತ್ತಾಳೋ. ತಿರುಗಿ ಬಂದರೆ ಮಗಳು ಬಾಗಿಲು ತೆರೆಯುತ್ತಾಳೋ, ಅದೂ ಗೊತ್ತಿಲ್ಲ. ಎರಡು ಸೀರೆ ಚೀಲದಲ್ಲಿಟ್ಟೆ, ಎರಡು ಇಲ್ಲೇ ಗೂಟಕ್ಕೆ ಬಿಟ್ಟೆ. ಗಂಗವ್ವ ಬುತ್ತಿ ಕಟ್ಟಿದ್ದ ಅರಿವೆ ಒಗೆದು ಚೀಲದ ಮೇಲಿಟ್ಟಿದ್ದೇನೆ.